ಹುಟ್ಟಾ ಇಂಗ್ಲಿಷಿನವರಿಗೆ ಹೊಸಕೋಟೆಯಿಂದ ಒಂದು ಸಾಂತ್ವನ ಪತ್ರ

ಇವರಿಂದ: ಒಬ್ಬ ಇಂಗ್ಲಿಷ್ ಮೇಷ್ಟ್ರು, ಹಳೇ ಮದ್ರಾಸ್ ರಸ್ತೆ, ಹೊಸಕೋಟೆ.

ಇವರಿಗೆ: ಇಂಗ್ಲಿಷ್ ಮಾತೃಭಾಷೆಯಾಗಿರುವ, ಸದ್ಯ ಏಷ್ಯಾ ಖಂಡದಲ್ಲಿ ಮೇಷ್ಟ್ರ ಕೆಲಸ ಹುಡುಕುತ್ತಿರುವ ಸಮಸ್ತ ಮಹನೀಯರು ಮತ್ತು ಮಹಿಳೆಯರು.

ವಿಷಯ: ಪರದೇಶಗಳಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಪೈಪೋಟಿ ಹೆಚ್ಚಾಗಿರುವ ಬಗ್ಗೆ ಸಂತಾಪ ಸೂಚಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮಗೆ ಕೆಲಸ ಸಿಗುವುದು ಕಷ್ಟವಾಗಿದೆ ಎಂಬ ಸುದ್ದಿ ಹೊಸಕೋಟೆಯವರೆಗೂ ಬಂದು ಮುಟ್ಟಿದೆ. ಕೇಳಿ ಕರುಳು ಚುರುಕ್ ಅಂದಿತು. ಕೊರಿಯಾಕ್ಕೆ ಅರ್ಜಿ ಹಾಕಿದರೆ ಎಷ್ಟೋ ಸಲ ಉತ್ತರವೇ ಬರುವುದಿಲ್ಲವಂತೆ. ಬಂದರೂ ಸಂಬಳ ಹಳೇ ಲೆಕ್ಕದಲ್ಲೇ ನಿಂತಿದೆಯಂತೆ. ಮೊದಲು ವಿಮಾನದ ಟಿಕೆಟ್ಟು, ಉಳಿಯಲು ಮನೆ ಎಲ್ಲ ಕೊಟ್ಟು ಕರೆಸಿಕೊಳ್ಳುತ್ತಿದ್ದವರು ಈಗ ಅನುಭವ ಎಷ್ಟು, ಸರ್ಟಿಫಿಕೇಟು ಎಲ್ಲಿ ಎಂದು ಕೇಳುತ್ತಾರಂತೆ. ಇಂಗ್ಲಿಷ್ ಮಾತಾಡುವವರ ಹತ್ತಿರ ಇಂಗ್ಲಿಷ್ ಕಲಿಸಲು ಬರುತ್ತದೆಯೇ ಎಂದು ಕೇಳುವುದೆಂದರೆ ಏನು! ಕಾಲ ಕೆಟ್ಟಿತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಇಂಗ್ಲಿಷ್ ಎಂ.ಎ., ಮೇಲೊಂದು ಬಿ.ಎಡ್. ಹಗಲು ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಾಠ. ಬೆಳಗ್ಗೆ, ಸಂಜೆ ಮೆಡಿಕಲ್ ಸ್ಟೋರಿನ ಮೇಲಿನ ರೂಮಿನಲ್ಲಿ ಸ್ಪೋಕನ್ ಇಂಗ್ಲಿಷ್. ಊರು ಬೆಂಗಳೂರಿನಿಂದ ಕೋಲಾರದ ಕಡೆ ಹೋಗುವ ದಾರಿಯಲ್ಲಿದೆ, ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ತಮ್ಮ ಪೈಕಿ ಯಾರಾದರೂ ಈ ಊರು ನೋಡಿದ್ದರೆ ಅದು ಭಾನುವಾರ ಬೆಳಗಿನ ಜಾವ ಮಟನ್ ಬಿರಿಯಾನಿಗೆ ಬಂದಾಗಲೇ ಇರಬೇಕು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗರು ಬೆಳಕು ಹರಿಯುವ ಮೊದಲೇ ಕಾರಿನಲ್ಲಿ ಬಂದು ಸಾಲು ನಿಲ್ಲುತ್ತಾರೆ, ಸಾಲಿನಲ್ಲಿ ನಿಂತು ಇಂಗ್ಲಿಷ್ ಮಾತಾಡುತ್ತಾರೆ. ನನ್ನ ಕೆಲವು ವಿದ್ಯಾರ್ಥಿಗಳು ಅಲ್ಲಿಗೆ ಹೋಗುವುದು ಬಿರಿಯಾನಿಗಲ್ಲ, ಆ ಇಂಗ್ಲಿಷ್ ಕೇಳಿಸಿಕೊಳ್ಳುವುದಕ್ಕೆ. ಫೀಸಿಲ್ಲದ ಕ್ಲಾಸು.

ತಮ್ಮ ಹಿಂದಿನ ವೈಭವ ನಮಗೆ ತಿಳಿಯದ್ದೇನಲ್ಲ. ಜಪಾನಿನವರು 1987ರಲ್ಲಿ ಜೆಟ್ ಯೋಜನೆ ಶುರು ಮಾಡಿ ತಮ್ಮನ್ನು ಶಾಲೆ ಶಾಲೆಗೂ ಕರೆಸಿಕೊಂಡರು. ಕೊರಿಯಾದವರು 1995ರಲ್ಲಿ ಎಪಿಕ್ ಎಂದು ಇನ್ನೊಂದನ್ನು ತೆರೆದರು. ಹಾಗ್ವಾನ್ ಎಂದು ಕರೆಯುವ ಅಲ್ಲಿನ ಖಾಸಗಿ ಟ್ಯೂಷನ್ ಕೇಂದ್ರಗಳಂತೂ ಬೀದಿಗೊಂದು. ಅರ್ಹತೆ ಏನು? ಒಂದು ಡಿಗ್ರಿ. ಯಾವುದರಲ್ಲಿ ಎಂದು ಕೇಳುವ ಅಸಭ್ಯತೆ ಇರಲಿಲ್ಲ. ಅರಣ್ಯಶಾಸ್ತ್ರವಾದರೂ ಆದೀತು, ಸಿನಿಮಾ ಆದರೂ ಆದೀತು. ಪಾಸ್‌ಪೋರ್ಟು ಮಾತ್ರ ಏಳು ದೇಶಗಳಲ್ಲಿ ಒಂದರದ್ದಾಗಿರಬೇಕು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಕೊರಿಯಾದ ವೀಸಾಕ್ಕೆ ಈ ಪಟ್ಟಿ. ಚೀನಾದವರು ಕೆಲಸದ ಪರವಾನಗಿಗೆ ಹಿಡಿದುಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ.

ಇದಕ್ಕೊಂದು ಶಾಸ್ತ್ರವೂ ಇತ್ತು. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳವರು ಇಂಗ್ಲಿಷ್ ಕಲಿಸುವುದು ಹೇಗೆ ಎಂದು ಸಮ್ಮೇಳನ ಮಾಡಿದರು. ಆದರ್ಶ ಇಂಗ್ಲಿಷ್ ಮೇಷ್ಟ್ರು ಎಂದರೆ ಇಂಗ್ಲಿಷ್ ಮಾತೃಭಾಷೆಯವನೇ ಎಂಬ ನಂಬಿಕೆ ಅಲ್ಲಿಂದ ಮುದ್ರೆ ಒತ್ತಿಸಿಕೊಂಡು ಹೊರಬಿತ್ತು. 1992ರಲ್ಲಿ ರಾಬರ್ಟ್ ಫಿಲಿಪ್ಸನ್ ಎಂಬ ವಿದ್ವಾಂಸರು ಇದು ಬರೀ ಭ್ರಮೆ ಎಂದು ಪುಸ್ತಕ ಬರೆದರು. ಅವರು ಬ್ರಿಟಿಷರು, ಹಾಗಾಗಿ ಜನ ಕಿವಿಗೊಟ್ಟರು. ಅದೇ ಮಾತನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಟಿಫನ್ ಬಾಕ್ಸು ಬಿಚ್ಚುವ ಹೊತ್ತಿಗೆ ದಿನಾ ಹೇಳುತ್ತೇವೆ, ಕನ್ನಡದಲ್ಲಿ ಮತ್ತು ತೆಲುಗಿನಲ್ಲಿ. ಅದು ಯಾವ ಪುಸ್ತಕಕ್ಕೂ ಹೋಗಿಲ್ಲ.

ಆಮೇಲೆ ತಮಗೆ ಗ್ರಹಚಾರ ಕಾಡತೊಡಗಿತು. 2021ರ ಜುಲೈನಲ್ಲಿ ಚೀನಾ ಸರ್ಕಾರ ಮಕ್ಕಳ ಓದಿನ ಹೊರೆ ಇಳಿಸುತ್ತೇವೆಂದು ಹೇಳಿ ಲಾಭಕ್ಕೆ ನಡೆಸುವ ಟ್ಯೂಷನ್ನಿಗೆ ಬೀಗ ಹಾಕಿತು. ಹೊರದೇಶದಲ್ಲಿ ಕೂತು ಆನ್‌ಲೈನಿನಲ್ಲಿ ಚೀನೀ ಮಕ್ಕಳಿಗೆ ಪಾಠ ಹೇಳುವುದನ್ನೂ ನಿಲ್ಲಿಸಿತು. ಬೆಳಗ್ಗೆ ಎದ್ದು ಮೇಲೊಂದು ಶರ್ಟು, ಕೆಳಗೆ ಚಡ್ಡಿ ಹಾಕಿಕೊಂಡು ಅಮೆರಿಕದ ಅಡುಗೆಮನೆಯಿಂದ ಬೀಜಿಂಗಿನ ಮಕ್ಕಳಿಗೆ ‘ಆ್ಯಪಲ್, ಆ್ಯಪಲ್’ ಎನ್ನುತ್ತಿದ್ದವರೆಲ್ಲ ರಾತ್ರೋರಾತ್ರಿ ಖಾಲಿ ಕೂತರು. ಅವರೆಲ್ಲ ವಿಯೆಟ್ನಾಂ, ಥಾಯ್ಲೆಂಡ್, ಕೊರಿಯಾ ಕಡೆ ಮುಖ ಮಾಡಿದಾಗ ಅಲ್ಲಿ ಮೊದಲೇ ನಿಂತಿದ್ದವರಿಗೆ ಉಸಿರು ಕಟ್ಟಿತು. ಕೊರಿಯಾದಲ್ಲಿ ನೋಡಿದರೆ ಮಕ್ಕಳೇ ಹುಟ್ಟುತ್ತಿಲ್ಲ. 2023ರಲ್ಲಿ ಅಲ್ಲಿನ ಹೆಣ್ಣುಮಗಳೊಬ್ಬಳಿಗೆ ಸರಾಸರಿ 0.72 ಮಗು. ಬೆಂಚು ಖಾಲಿಯಾದ ಮೇಲೆ ಮೇಷ್ಟ್ರು ಯಾರಿಗೆ? ಸಾಲದ್ದಕ್ಕೆ 2025ರ ಮಾರ್ಚಿನಲ್ಲಿ ಕೊರಿಯಾ ಸರ್ಕಾರ ಇಂಗ್ಲಿಷಿಗೂ ಎಐ ಪಠ್ಯಪುಸ್ತಕ ತಂದಿತು. ಪೋಷಕರು, ಮೇಷ್ಟ್ರುಗಳು ಗಲಾಟೆ ಮಾಡಿದ ಮೇಲೆ ಅದೇ ಆಗಸ್ಟಿನಲ್ಲಿ ಅಲ್ಲಿನ ಸಂಸತ್ತು ಅದನ್ನು ಪಠ್ಯಪುಸ್ತಕದ ಸ್ಥಾನದಿಂದ ಇಳಿಸಿ ಪೂರಕ ಸಾಮಗ್ರಿ ಎಂದಿತು. ಅಷ್ಟರ ಮಟ್ಟಿಗೆ ತಮ್ಮ ಪುಣ್ಯ.

ಇನ್ನು ಫಿಲಿಪೀನ್ಸಿನವರು. ಮನೆಯಲ್ಲೇ ಕೂತು ಜಪಾನ್, ಕೊರಿಯಾದವರಿಗೆ ಇಪ್ಪತ್ತೈದು ನಿಮಿಷದ ಪಾಠ ಮಾರುವ ಆ ಟೀಚರುಗಳು ತಾಳ್ಮೆಯಲ್ಲಿ ತಮಗಿಂತ ಮೇಲು, ಕೂಲಿಯಲ್ಲಿ ತಮಗಿಂತ ಅಗ್ಗ. ಥಾಯ್ಲೆಂಡಿನ ಎಷ್ಟೋ ಶಾಲೆಗಳಲ್ಲಿ ಪಾಠ ಹೇಳುವವರೂ ಅವರೇ. ಅವರಿಗೆ ತಮಗಿಂತ ಸಂಬಳ ಕಡಿಮೆ ಎಂಬುದು ತಮ್ಮ ಸಮಾಧಾನಕ್ಕೆ ಉಳಿದಿದೆ.

ಇಷ್ಟೆಲ್ಲ ನೋಡಿದಾಗ ತಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಒಂದು ಸಣ್ಣ ತಿದ್ದುಪಡಿ, ಮೇಷ್ಟ್ರ ಚಟ. ತಾವು ಪೈಪೋಟಿ ಎನ್ನುತ್ತಿರುವುದು ಅಖಾಡದ ಒಳಗಿನ ಕುಸ್ತಿ. ನಮ್ಮ ಪೈಪೋಟಿ ಗೇಟಿನ ಹತ್ತಿರವೇ ಮುಗಿಯುತ್ತದೆ.

ಕೊರಿಯಾದ ಮಾತನ್ನೇ ತೆಗೆದುಕೊಳ್ಳಿ. ಭಾರತಕ್ಕೂ ಕೊರಿಯಾಕ್ಕೂ ಒಂದು ಆರ್ಥಿಕ ಒಪ್ಪಂದವಿದೆ. 2009ರಲ್ಲಿ ಸಹಿ, 2010ರ ಜನವರಿ 1ರಿಂದ ಜಾರಿ. ಅದರ ಪ್ರಕಾರ ಡಿಗ್ರಿ, ಜೊತೆಗೆ ಇಂಗ್ಲಿಷ್ ಕಲಿಸುವ ಶಿಕ್ಷಕ ಅರ್ಹತೆ ಇರುವ ಭಾರತೀಯರು ಅಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ ಹೋಗಬಹುದು. ಗಮನಿಸಿ: ತಮ್ಮ ಏಳು ದೇಶದವರಿಗೆ ಹಾಗ್ವಾನಿನಲ್ಲಿ ಯಾವುದೋ ಒಂದು ಡಿಗ್ರಿ ಸಾಕು, ನಮಗೆ ವೃತ್ತಿಯ ಅರ್ಹತೆ ಬೇಕು. ಅಂದರೆ ತಮಗೆ ಹುಟ್ಟಿದ ದೇಶ ಕೊಡುವುದನ್ನು ನಮಗೆ ಎರಡು ವರ್ಷದ ಬಿ.ಎಡ್. ಕೊಡಬೇಕು. ಬಾಗಿಲು ಕಾಗದದಲ್ಲಿ ಅಷ್ಟು ವರ್ಷದಿಂದ ತೆರೆದೇ ಇದೆ. ನಮ್ಮ ತಾಲ್ಲೂಕಿನಿಂದ ಅದರೊಳಗೆ ಹೋದವರು ನನ್ನ ಕಣ್ಣಿಗಂತೂ ಬಿದ್ದಿಲ್ಲ. ಅದೇ ಹೊತ್ತಿಗೆ ಕೊರಿಯಾದ ಎಷ್ಟೋ ಕುಟುಂಬಗಳು ಮಕ್ಕಳಿಗೆ ಇಂಗ್ಲಿಷ್ ಬರಲೆಂದೇ ಬೆಂಗಳೂರಿನ ಶಾಲೆಗಳಿಗೆ ಸೇರಿಸುತ್ತವೆ. ಮಗು ಇಲ್ಲಿಗೆ ಬಂದು ನಮ್ಮ ಹತ್ತಿರ ಕಲಿತರೆ ಇಂಗ್ಲಿಷು. ನಾವು ಅಲ್ಲಿಗೆ ಹೋಗಿ ಕಲಿಸಿದರೆ ಅನುಮಾನ.

ಇಂಗ್ಲೆಂಡಿನವರು ಇನ್ನೂ ರಸಿಕರು. 2023ರ ಫೆಬ್ರುವರಿಯಲ್ಲಿ ಅವರು ಭಾರತ, ಘಾನಾ, ನೈಜೀರಿಯಾ, ಜಮೈಕಾ ಮೊದಲಾದ ದೇಶಗಳ ಶಿಕ್ಷಕರಿಗೆ ಅಲ್ಲಿನ ಅರ್ಹತಾಪತ್ರದ ದಾರಿ ತೆರೆದರು. ಗಣಿತದವರು ಬನ್ನಿ, ವಿಜ್ಞಾನದವರು ಬನ್ನಿ, ಫ್ರೆಂಚ್, ಸ್ಪ್ಯಾನಿಷ್‌ನಂಥ ಭಾಷೆ ಕಲಿಸುವವರು ಬನ್ನಿ ಎಂದರು. ಇಂಗ್ಲಿಷ್ ಮೇಷ್ಟ್ರು ಮಾತ್ರ ಬೇಡ. ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರು ಇದನ್ನು ಓದಿ ಹೇಳಿದಾಗಿನ ಅವರ ಮುಖ ನೋಡಬೇಕಿತ್ತು. ಅವರು ತ್ರಿಕೋನಮಿತಿಯನ್ನು ಅಚ್ಚಗನ್ನಡದಲ್ಲೇ ಹೇಳಿಕೊಡುತ್ತಾರೆ, ಬೋರ್ಡಿನ ಮೇಲೆ ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ. ಲಂಡನ್ನಿಗೆ ಅರ್ಹರು ಅವರು, ಷೇಕ್ಸ್‌ಪಿಯರ್ ಹೇಳಿಕೊಡುವ ನಾನಲ್ಲ.

ಭಾರತದವರ ಇಂಗ್ಲಿಷನ್ನು ಪರೀಕ್ಷಿಸದೆ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ತಮಗೂ ಗೊತ್ತಿರಬೇಕು. ಬ್ರಿಟನ್ನಿನ ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆ ಬೇಡ ಎನ್ನುವ ದೇಶಗಳ ಪಟ್ಟಿಯಲ್ಲಿ ಮಾಲ್ಟಾ ಇದೆ, ಗಯಾನಾ ಇದೆ, ಭಾರತವಿಲ್ಲ. ನಮ್ಮ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷ್ ಎಂದು ಸಂವಿಧಾನದ 348ನೇ ವಿಧಿಯೇ ಹೇಳುತ್ತದೆ. ನಮ್ಮೂರಿನ ರೈತನ ಜಮೀನಿನ ವ್ಯಾಜ್ಯ ಹೈಕೋರ್ಟಿಗೆ ಹೋದರೆ ತೀರ್ಪು ಬರುವುದು ಇಂಗ್ಲಿಷಿನಲ್ಲಿ. ಅದನ್ನು ಹಿಡಿದುಕೊಂಡು ಆತ ಬರುವುದು ನನ್ನ ರೂಮಿಗೆ, ‘ಸಾರ್, ಗೆದ್ದಿದ್ದೀನಾ ಸೋತಿದ್ದೀನಾ ನೋಡಿ’ ಎಂದು. ಒಬ್ಬನ ಮೂರೆಕರೆ ಹೊಲದ ಗತಿಯನ್ನು ನನ್ನ ಇಂಗ್ಲಿಷ್ ನಂಬಿ ಹೇಳಬಹುದು. ಪರದೇಶದ ಐದನೇ ಕ್ಲಾಸಿನ ಮಗುವಿಗೆ ಅದೇ ಇಂಗ್ಲಿಷಿನಲ್ಲಿ ಹಣ್ಣುಗಳ ಹೆಸರು ಹೇಳಿಕೊಡಬೇಕಾದರೆ ಹದಿನೇಳು ಹದಿನೆಂಟು ಸಾವಿರ ಕೊಟ್ಟು ಐಇಎಲ್‌ಟಿಎಸ್ ಪರೀಕ್ಷೆ ಬರೆಯಬೇಕು. ಬರೆದರೂ ಎರಡೇ ವರ್ಷ ವಾಯಿದೆ. ಆಮೇಲೆ ನಮ್ಮ ಇಂಗ್ಲಿಷ್ ಹಳಸುತ್ತದಂತೆ.

ನಿಜ, ನಮ್ಮಲ್ಲಿ ಮಾತೃಭಾಷೆ ಇಂಗ್ಲಿಷ್ ಎಂದು ಬರೆಸುವವರು ಕಡಿಮೆ. 2011ರ ಜನಗಣತಿಯಲ್ಲಿ ದೇಶಕ್ಕೆಲ್ಲ ಸೇರಿ ಸುಮಾರು 2 ಲಕ್ಷ 60 ಸಾವಿರ. ಎರಡನೆಯ, ಮೂರನೆಯ ಭಾಷೆಯಾಗಿ ಬರೆಸಿದವರನ್ನೂ ಕೂಡಿಸಿದರೆ 12.9 ಕೋಟಿ ದಾಟುತ್ತದೆ. ಅಷ್ಟು ಜನಕ್ಕೆ ಇಂಗ್ಲಿಷ್ ಹಾಲಿನ ಜೊತೆ ಬಂದದ್ದಲ್ಲ, ಯಾರೋ ಕಲಿಸಿದ್ದು. ಆ ಯಾರೋ ಯಾರು ಎಂದು ಮಾತ್ರ ಯಾವ ವೀಸಾ ಆಫೀಸಿನವರೂ ಕೇಳುವುದಿಲ್ಲ.

ಇದೇ ಊರಿನಲ್ಲಿ 1998ರಿಂದ ಸ್ವೀಡನ್ನಿನ ವೋಲ್ವೊ ಲಾರಿ ತಯಾರಾಗುತ್ತಿದೆ. ನಮ್ಮ ಹುಡುಗರೇ ನಟ್ಟು ಬೋಲ್ಟು ಬಿಗಿದು ಹೊರಗೆ ಕಳಿಸುತ್ತಾರೆ. ಲಾರಿ ರಸ್ತೆಗಿಳಿದ ಮೇಲೆ ಇದನ್ನು ಹೊಸಕೋಟೆಯವರು ಜೋಡಿಸಿದ್ದು, ಇದು ಹುಟ್ಟಾ ವೋಲ್ವೊ ಅಲ್ಲ ಎಂದು ಯಾವ ಮಾಲೀಕನೂ ತಕರಾರು ತೆಗೆದಿಲ್ಲ. ಇಂಗ್ಲಿಷಿನ ವಿಷಯಕ್ಕೆ ಬಂದರೆ ಮಾತ್ರ ಎಲ್ಲರಿಗೂ ಗೋತ್ರ, ಸೂತ್ರ ನೆನಪಾಗುತ್ತದೆ.

ನಮ್ಮ ಸ್ಕೂಲಿನ ಇಂಗ್ಲಿಷ್ ಮಿಸ್ಸಿನ ಕಥೆ ಹೇಳುತ್ತೇನೆ. ಸೂಲಿಬೆಲೆ ಕಡೆಯ ಹಳ್ಳಿಯವರು, ಮನೆಮಾತು ತೆಲುಗು, ಓದಿದ್ದು ಕನ್ನಡ ಮೀಡಿಯಂ, ಎಬಿಸಿಡಿ ಕಂಡದ್ದು ಐದನೇ ಕ್ಲಾಸಿನಲ್ಲಿ. ಅವರ ಕಾಲಕ್ಕೆ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಅಲ್ಲಿಂದಲೇ ಶುರು. ಒಂದನೇ ಕ್ಲಾಸಿಗೆ ಬಂದದ್ದು 2007ರಲ್ಲಿ. ಪರದೇಶದ ಮಕ್ಕಳಿಗೆ ಆನ್‌ಲೈನಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಒಂದು ಕಂಪನಿಗೆ ಅರ್ಜಿ ಹಾಕಿದರು. ಸಂದರ್ಶನ ಬೆಳಗ್ಗೆ ಐದೂವರೆಗೆ. ಸಜ್ಜೆಯ ಮೇಲಿನ ಪಾತ್ರೆ ಕಾಣದಿರಲೆಂದು ಹಿಂದುಗಡೆ ಬೆಡ್‌ಶೀಟು ಕಟ್ಟಿದರು, ಕುಕ್ಕರ್ ಕೂಗದಿರಲೆಂದು ಅನ್ನಕ್ಕೆ ಇಡಲಿಲ್ಲ, ಮಗನಿಗೆ ಕೆಮ್ಮಬೇಡ ಎಂದು ಹೇಳಿದರು. ಆ ಕಡೆ ಒಬ್ಬ ಎಳೆಯ ಹುಡುಗ. ಒಂದು ಗೊಂಬೆ ಹಿಡಿದುಕೊಂಡು ಅದರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಎಂದ. ಆಟದ ಗೊಂಬೆ ಇರಲಿಲ್ಲ, ನವರಾತ್ರಿಯ ಪಟ್ಟದ ಗೊಂಬೆಗಳಲ್ಲಿ ರಾಜನನ್ನು ಹಿಡಿದುಕೊಂಡರು. ರಾಜನ ಜೊತೆ ಹಣ್ಣು, ತರಕಾರಿ, ಹವಾಮಾನ ಎಲ್ಲ ಮಾತಾಡಿದ್ದಾಯಿತು. ವಾರ ಕಳೆದು ಇ–ಮೇಲ್ ಬಂತು: ತಮ್ಮ ಪಾಠ ಚೆನ್ನಾಗಿದೆ, ಆದರೆ ಉಚ್ಚಾರಣೆ ನಮ್ಮ ಪೋಷಕರು ಬಯಸುವಂಥದ್ದಲ್ಲ. ಆ ನಾಲ್ಕು ಸಾಲಿನಲ್ಲಿ ‘ಯುವರ್’ ಬರಬೇಕಾದ ಕಡೆ ‘ಯು ಆರ್’ ಬಿದ್ದಿತ್ತು, ಒಂದು ಕಡೆ ಕರ್ತೃ ಏಕವಚನ, ಕ್ರಿಯಾಪದ ಬಹುವಚನ. ಮಿಸ್ಸು ಅಳಲಿಲ್ಲ, ಬೈಯಲಿಲ್ಲ. ಆ ಸಾಲುಗಳನ್ನೇ ಒಂಬತ್ತನೇ ಕ್ಲಾಸಿನ ಯೂನಿಟ್ ಟೆಸ್ಟಿಗೆ ‘ತಪ್ಪು ತಿದ್ದಿ ಬರೆಯಿರಿ’ ಎಂದು ಹಾಕಿದರು. ಎರಡು ಅಂಕ. ಮುಕ್ಕಾಲು ಮಕ್ಕಳು ಸರಿ ಬರೆದರು.

ಹಾಗಂತ ನಮ್ಮವರು ಹೊರಗೆ ಹೋಗೇ ಇಲ್ಲ ಎಂದಲ್ಲ. ಹೈಲೆ ಸೆಲಾಸಿ ದೊರೆಯ ಕಾಲದಲ್ಲಿ ಇಥಿಯೋಪಿಯಾದ ಶಾಲೆಗಳಿಗೆ ಭಾರತದ ಮೇಷ್ಟ್ರುಗಳು ಹೋದರು, ಕೇರಳದವರೇ ಜಾಸ್ತಿ. 1960ರ ದಶಕದಲ್ಲಿ ಭೂತಾನಿನ ಬೆಟ್ಟ ಹತ್ತಿದರು. ಈಗಲೂ ಮಾಲ್ಡೀವ್ಸಿನ ದ್ವೀಪಗಳಲ್ಲಿ ಭಾರತದ ಟೀಚರುಗಳು ಇಂಗ್ಲಿಷಿನಲ್ಲೇ ಪಾಠ ಹೇಳುತ್ತಿದ್ದಾರೆ. ದುಬೈ, ಮಸ್ಕತ್, ಕುವೈತ್‌ಗಳಿಗೆ ಹೋದವರಲ್ಲಿ ಹೆಚ್ಚಿನವರು ಸಿಬಿಎಸ್‌ಇ ಶಾಲೆಗಳಲ್ಲಿದ್ದಾರೆ. ಅಲ್ಲಿ ಬೆಂಚಿನ ಮೇಲೆ ಕೂತಿರುವುದು ಮಂಗಳೂರಿನವರ, ಮಲಪ್ಪುರದವರ ಮಕ್ಕಳೇ. ಅಂದರೆ ಸಮುದ್ರ ದಾಟಿ ಹೋಗಿ ನಮ್ಮ ಮಕ್ಕಳಿಗೇ ಪಾಠ. ದಿರ್ಹಮ್ಮೋ ದಿನಾರೋ ಸಂಬಳ ಎನ್ನುವುದೊಂದು ಬಿಟ್ಟರೆ ಉಳಿದದ್ದೆಲ್ಲ ಹೊಸಕೋಟೆ.

ನಮ್ಮಿಂದ ಅಮೆರಿಕಕ್ಕೆ ಹೋದ ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಬಹಳ ದೊಡ್ಡವರೆಂದರೆ ಎ.ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಇಂಗ್ಲಿಷ್ ಎಂ.ಎ. ಮಾಡಿ, ಕೊಲ್ಲಂ, ಬೆಳಗಾವಿ, ಬರೋಡಾ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸಿದವರು. 1959ರಲ್ಲಿ ಫುಲ್‌ಬ್ರೈಟ್ ಮೇಲೆ ಇಂಡಿಯಾನಾಕ್ಕೆ ಹೋದರು, 1962ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರು ಹೆಸರು ಮಾಡಿದ್ದು ಯಾವುದರಿಂದ? ತಮಿಳು, ಕನ್ನಡ, ದ್ರಾವಿಡ ಭಾಷಾಶಾಸ್ತ್ರದಿಂದ. ಬಸವಣ್ಣ, ಅಲ್ಲಮ, ಮಹಾದೇವಿಯಕ್ಕನ ವಚನಗಳನ್ನು ಇಂಗ್ಲಿಷಿಗೆ ಕೊಟ್ಟದ್ದರಿಂದ. ಊರಿನಲ್ಲಿ ಇಂಗ್ಲಿಷ್ ಕಲಿಸಿ ಜೀವನ ಮಾಡಿದ ಮನುಷ್ಯ ಇಂಗ್ಲಿಷ್ ಮಾತಾಡುವ ನಾಡಿನಲ್ಲಿ ನೆಲೆ ಕಂಡದ್ದು ಮನೆಯ ಮತ್ತು ಊರಿನ ಮಾತಿನ ಬಲದಿಂದ. ಇತ್ತ ಊರಿನಲ್ಲೇ ಉಳಿದ ಇಂಗ್ಲಿಷ್ ಮೇಷ್ಟ್ರುಗಳು ಏನು ಮಾಡಿದರು ಎಂದರೆ ಕನ್ನಡ ಸಾಹಿತ್ಯ ಕಟ್ಟಿದರು. ಬಿ.ಎಂ.ಶ್ರೀ., ಗೋಕಾಕ್, ಅಡಿಗ, ಅನಂತಮೂರ್ತಿ, ಲಂಕೇಶ್, ಚಂಪಾ, ಇವರೆಲ್ಲ ಸಂಬಳಕ್ಕೆ ಸಹಿ ಹಾಕಿದ್ದು ಇಂಗ್ಲಿಷ್ ವಿಭಾಗದಲ್ಲಿ. ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದು ಬೀದಿಗಿಳಿದವರಲ್ಲೂ ಇಂಗ್ಲಿಷ್ ಪ್ರೊಫೆಸರ್‌ಗಳಿದ್ದರು. ಇದನ್ನು ತಮಗೆ ಹೇಗೆ ಅರ್ಥ ಮಾಡಿಸುವುದೋ ತಿಳಿಯದು, ಮುಂದಕ್ಕೆ ಹೋಗುತ್ತೇನೆ.

ಈಗ ಪತ್ರದ ಮುಖ್ಯ ಉದ್ದೇಶ. ತಮಗೆ ಏಷ್ಯಾದಲ್ಲಿ ಎಲ್ಲೂ ಕೆಲಸ ಸಿಗದಿದ್ದರೆ ಹೊಸಕೋಟೆಗೆ ಬನ್ನಿ. ಇದು ಬಾಯುಪಚಾರವಲ್ಲ. ನಮ್ಮಲ್ಲಿ ಇಂಗ್ಲಿಷ್ ಮೇಷ್ಟ್ರ ಜಾಗ ಯಾವತ್ತೂ ಖಾಲಿ, ಏಕೆಂದರೆ ಯಾರೂ ನಿಲ್ಲುವುದಿಲ್ಲ. ಮಾಧ್ಯಮ ಯಾವುದೆಂದು ಆರಿಸುವುದು ಮಗು ಮತ್ತು ಪೋಷಕರ ಹಕ್ಕು ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲಂತೂ ಕಾನ್ವೆಂಟುಗಳಿಗೆ ಅಡ್ಡಿ ಆತಂಕವಿಲ್ಲ. ಲೇಔಟಿಗೊಂದು ಇಂಟರ್‌ನ್ಯಾಷನಲ್ ಸ್ಕೂಲು. ನ್ಯಾಷನಲ್ ಯಾವುದು ಎಂದು ಹುಡುಕಬೇಕು.

ತಮ್ಮ ನೇಮಕಕ್ಕೆ ಯಾವ ತೊಡಕೂ ಬರುವುದಿಲ್ಲ ಎಂದು ಭರವಸೆ ಕೊಡಬಲ್ಲೆ. ನಮ್ಮ ಆಡಳಿತ ಮಂಡಳಿಯವರು ಕೊರಿಯಾದವರಿಗಿಂತ ಒಂದು ಕೈ ಮೇಲು. ಅಡ್ಮಿಷನ್ ಸಮಯದಲ್ಲಿ ರಸ್ತೆ ಬದಿ ಕಟ್ಟುವ ಫ್ಲೆಕ್ಸ್ ನೋಡಿದರೆ ತಮಗೇ ತಿಳಿಯುತ್ತದೆ. ಅದರಲ್ಲಿ ಪುಸ್ತಕ ಹಿಡಿದು ನಗುತ್ತಿರುವ ಹೊಂಬಣ್ಣದ ಕೂದಲಿನ ಹುಡುಗಿ ನಮ್ಮ ಶಾಲೆಯಲ್ಲಿ ಯಾವತ್ತೂ ಓದಿಲ್ಲ, ನಮ್ಮ ತಾಲ್ಲೂಕನ್ನೇ ಕಂಡಿಲ್ಲ. ತಾವು ಬಂದರೆ ಆ ಚಿತ್ರಕ್ಕೊಂದು ಸಾಕ್ಷಿ ಸಿಕ್ಕಂತಾಗುತ್ತದೆ. ತಮ್ಮನ್ನು ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿ ಕೂರಿಸಿದರೂ ಸಾಕು, ಎಲ್‌ಕೆಜಿ ಸೀಟು ತುಂಬುತ್ತವೆ. ಪೋಷಕರೂ ಅಷ್ಟೇ. ನನ್ನನ್ನು ‘ಸಾರ್, ತಾವು ಯಾವ ಕಡೆಯವರು’ ಎಂದು ಕೇಳಿ, ‘ಇಲ್ಲೇ, ಜಡಿಗೇನಹಳ್ಳಿ’ ಎಂದ ಕೂಡಲೇ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಡಾರ್ಜಿಲಿಂಗಿನವರೋ ಕೇರಳದವರೋ ಆಗಿದ್ದರೆ ಸ್ವಲ್ಪ ಗೌರವ. ಹಿತ್ತಲ ಗಿಡ ಮದ್ದಲ್ಲ ಎಂಬುದರಲ್ಲಿ ಸಿಯೋಲ್‌ಗೂ ಹೊಸಕೋಟೆಗೂ ಎರಡು ಮಾತಿಲ್ಲ. ನನ್ನ ಸ್ವಂತ ಭಾಮೈದ ಮಗಳನ್ನು ಸೇರಿಸಲು ಶಾಲೆ ಹುಡುಕುವಾಗ ‘ಅಲ್ಲಿ ಮೇಷ್ಟ್ರುಗಳೆಲ್ಲ ಲೋಕಲ್ ಭಾವ, ಇಂಗ್ಲಿಷ್ ಬರಲ್ಲ’ ಎಂದ. ನನ್ನ ಎದುರಿಗೇ, ನಮ್ಮ ಮನೆಯ ಕಾಫಿ ಕುಡಿಯುತ್ತಾ.

ಸಂಬಳದ ವಿಚಾರ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ಗೌರವಧನವೇ ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸು. ನಮ್ಮ ಖಾಸಗಿಯವರು ಅದನ್ನು ಮೀರಿಸುವ ದುರಹಂಕಾರ ತೋರುವುದಿಲ್ಲ. ಕೊರಿಯಾದಲ್ಲಿ ತಮಗೆ ಸಿಗುವ ಇಪ್ಪತ್ತು ಲಕ್ಷ ಚಿಲ್ಲರೆ ವೋನಿನ ಸಂಬಳ ಸಾಲದು ಎಂದು ಗೊಣಗುವವರು ಅದನ್ನು ರೂಪಾಯಿಗೆ ತಿರುಗಿಸಿ ನೋಡಬೇಡಿ, ಇಲ್ಲಿಗೆ ಬರುವ ಮನಸ್ಸು ಕೆಡುತ್ತದೆ. ಏಪ್ರಿಲ್, ಮೇ ರಜಾ, ಆಗ ಸಂಬಳವಿಲ್ಲ. ಕೆಲಸ ಮಾತ್ರ ಇದೆ: ಬಿಸಿಲಿನಲ್ಲಿ ಮನೆ ಮನೆ ಸುತ್ತಿ ಅಡ್ಮಿಷನ್ ತರಬೇಕು. ಪಾಂಪ್ಲೆಟ್ಟು ಶಾಲೆಯವರು ಕೊಡುತ್ತಾರೆ, ಟೋಪಿ ತಮ್ಮದು. ಸಂಜೆ ವ್ಯಾನ್ ಡ್ಯೂಟಿ ಇರುತ್ತದೆ, ಕೊನೆಯ ಮಗು ಇಳಿಯುವವರೆಗೆ ವ್ಯಾನಿನಲ್ಲೇ. ಶಾಲೆಯಲ್ಲಿ ಕನ್ನಡ ಮಾತಾಡಿದ ಮಗುವಿಗೆ ದಂಡ ಹಾಕುವುದೂ ತಮ್ಮ ಕೆಲಸ. ತಮಗೆ ಕನ್ನಡ ಬರುವುದಿಲ್ಲವಾದ್ದರಿಂದ ಮಗು ಆಡಿದ್ದು ಕನ್ನಡವೋ ತೆಲುಗೋ ಉರ್ದುವೋ ತಿಳಿಯುವುದಿಲ್ಲ. ಪರವಾಗಿಲ್ಲ, ದಂಡದ ಮೊತ್ತ ಒಂದೇ.

ಅನುಭವ ಕೇಳುತ್ತಾರೆ. ಅನುಭವವಿಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸ ಮಾಡದೆ ಅನುಭವ ಬರುವುದಿಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ತಮಗೆ ಈಗೀಗ ಇದು ಅರ್ಥವಾಗುತ್ತಿರಬೇಕು.

ಡೆಮೊ ಕ್ಲಾಸೊಂದು ಇರುತ್ತದೆ. ಅದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ಹಿತೈಷಿಯಾಗಿ ಹೇಳುತ್ತೇನೆ. ಆಡಳಿತ ಮಂಡಳಿಯವರು ತಮ್ಮ ಬಣ್ಣ ನೋಡಿ ಒಪ್ಪಿಬಿಡುತ್ತಾರೆ, ಮಕ್ಕಳು ಹಾಗಲ್ಲ. ಎಂಟನೇ ಕ್ಲಾಸಿನ ಹುಡುಗ ಎದ್ದು ನಿಂತು ‘ಐ ಆಮ್ ಹಿಯರ್ ಫ್ರಮ್ ಟೂ ಇಯರ್ಸ್’ ಎನ್ನುತ್ತಾನೆ. ತಪ್ಪು ಎಂದು ತಮಗೆ ತಕ್ಷಣ ಗೊತ್ತಾಗುತ್ತದೆ. ಸರಿಯಾದದ್ದು ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್’ ಎಂದು ಹೇಳಿಯೂ ಹೇಳುತ್ತೀರಿ. ಆಗ ಅವನು ‘ಯಾಕೆ ಸಾರ್’ ಎನ್ನುತ್ತಾನೆ. ‘ನಾವು ಹಾಗೇ ಹೇಳೋದು’ ಎಂಬ ಉತ್ತರ ತಮ್ಮ ಊರಿನಲ್ಲಿ ನಡೆದೀತು, ಇಲ್ಲಿ ನಡೆಯುವುದಿಲ್ಲ. ಅವನ ತಲೆಯೊಳಗೆ ಏನಿದೆ ಎಂದು ನನಗೆ ಗೊತ್ತು, ಏಕೆಂದರೆ ಅದೇ ನನ್ನ ತಲೆಯೊಳಗೂ ಇತ್ತು. ‘ಎರಡು ವರ್ಷದಿಂದ ಇಲ್ಲಿದ್ದೀನಿ’, ‘2023ರಿಂದ ಇಲ್ಲಿದ್ದೀನಿ’: ಎರಡಕ್ಕೂ ನಮ್ಮಲ್ಲಿ ಒಂದೇ ‘ಇಂದ’. ಕ್ರಿಯಾಪದ ವರ್ತಮಾನದಲ್ಲಿ ನೆಮ್ಮದಿಯಾಗಿ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಆ ‘ಇಂದ’ವನ್ನು ಎರಡಾಗಿ ಸೀಳಬೇಕು, ಎಷ್ಟು ಕಾಲ ಎನ್ನುವುದಕ್ಕೊಂದು, ಯಾವಾಗ ಶುರು ಎನ್ನುವುದಕ್ಕೊಂದು. ಕ್ರಿಯಾಪದದ ಕಾಲನ್ನು ಹಿಂದಕ್ಕೊಂದು, ಈಚೆಗೊಂದು ಇಡಿಸಬೇಕು. ನಾನು ಬೋರ್ಡಿನ ಮೇಲೆ ಬಸ್ ಸ್ಟ್ಯಾಂಡಿನ ಚಿತ್ರ ಬರೆದು, ಒಬ್ಬ ಹುಡುಗನನ್ನು ಎಂಟು ಗಂಟೆಗೆ ತಂದು ನಿಲ್ಲಿಸಿ, ಗಡಿಯಾರ ಹತ್ತಾದರೂ ಬಸ್ಸು ಬರಿಸದೆ ಅಲ್ಲೇ ಕಾಯಿಸುತ್ತೇನೆ. ‘ಎಂಟರಿಂದ’ ಬೇರೆ, ‘ಎರಡು ಗಂಟೆಯಿಂದ’ ಬೇರೆ ಎಂದು ಬೇರೆ ಬಣ್ಣದ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತೇನೆ. ಕೋಲಾರದ ಬಸ್ಸಿಗೆ ಕಾಯ್ದು ಗೊತ್ತಿರುವ ಮಕ್ಕಳಿಗೆ ಅದು ಚೆನ್ನಾಗಿ ಹತ್ತುತ್ತದೆ. ಇದನ್ನು ನನಗೆ ತಾವು ಸರ್ಟಿಫಿಕೇಟಿಗೆಂದು ಮಾಡುವ 120 ಗಂಟೆಯ ಯಾವ ಕೋರ್ಸೂ ಕಲಿಸಲಿಲ್ಲ. ತಪ್ಪು ಮಾಡಿ, ಬೈಸಿಕೊಂಡು, ತಿದ್ದಿಕೊಂಡು ಬಂದದ್ದು.

ತಾವು ಅದನ್ನು ತಪ್ಪೇ ಮಾಡದೆ ಕಲಿತಿರಿ. ಅದಕ್ಕೇ ಕಲಿಸುವಾಗ ಕಷ್ಟ. ತಮ್ಮ ಮೇಲೆ ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸ್ವಲ್ಪ ಇದೆ, ಇಲ್ಲವೆನ್ನುವುದಿಲ್ಲ.

ಬೆಳಗ್ಗೆ ಆರೂವರೆಯ ನನ್ನ ಬ್ಯಾಚಿಗೂ ತಾವು ಬಂದು ಕೂರಬಹುದು. ಫ್ಯಾಕ್ಟರಿಯ ನೈಟ್ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬರುವ ಹುಡುಗರು, ನಂದಗುಡಿ ಕಡೆಯಿಂದ ಮೊದಲ ಬಸ್ಸು ಹಿಡಿದು ಬರುವ ನರ್ಸಿಂಗ್ ಹುಡುಗಿಯರು. ಅವರಿಗೆ ಬೇಕಾದದ್ದು ಸೂಪರ್‌ವೈಸರ್ ಎದುರು ರಜಾ ಕೇಳುವಷ್ಟು, ಜರ್ಮನಿಗೋ ಕುವೈತ್‌ಗೋ ಹೋಗುವ ಸಂದರ್ಶನದಲ್ಲಿ ಗಂಟಲು ಒಣಗದಿರುವಷ್ಟು ಇಂಗ್ಲಿಷ್. ಒಬ್ಬ ಹುಡುಗಿ ಮೊನ್ನೆ ಕೇಳಿದಳು: ‘ಸಾರ್, ನೀವೇ ಯಾಕೆ ಹೊರಗೆ ಹೋಗಲಿಲ್ಲ? ನಿಮಗೆ ಇಷ್ಟು ಚೆನ್ನಾಗಿ ಬರುತ್ತಲ್ಲ?’ ನಾನು ಅವಳಿಗೆ ‘ಹೋಮ್‌ವರ್ಕ್ ಎಲ್ಲಿ’ ಎಂದೆ.

ಬರುವ ನಿರ್ಧಾರ ಮಾಡಿದರೆ ದಯವಿಟ್ಟು ಮೇ ಕೊನೆಯ ವಾರದೊಳಗೆ ತಿಳಿಸಿ, ಜೂನ್ ಮೊದಲ ದಿನವೇ ಪ್ರಾರ್ಥನೆಗೆ ನಿಲ್ಲಬೇಕಾಗುತ್ತದೆ. ನಾಡಗೀತೆ ಬರದಿದ್ದರೂ ತುಟಿ ಆಡಿಸಿದರೆ ಆಯಿತು, ಟ್ರಸ್ಟಿನ ಅಧ್ಯಕ್ಷರೂ ಅದನ್ನೇ ಮಾಡುತ್ತಾರೆ. ವಿಮಾನದ ಟಿಕೆಟ್ಟು ಶಾಲೆಯವರು ಕೊಡುವುದಿಲ್ಲ. ಏರ್‌ಪೋರ್ಟ್ ದೇವನಹಳ್ಳಿಯಲ್ಲಿದೆ, ನಮ್ಮೂರಿಗೆ ಸೂಲಿಬೆಲೆ ಮೇಲೆ ಬರಬಹುದು. ಮನೆ ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ, ಮಾಂಸ ಬೇಯಿಸುತ್ತೀರಾ ಎಂದು ಕೇಳುತ್ತಾರೆ, ಎರಡಕ್ಕೂ ಮೊದಲೇ ಉತ್ತರ ಯೋಚಿಸಿಟ್ಟುಕೊಳ್ಳಿ. ಬರುವಾಗ ಹತ್ತನೇ ಕ್ಲಾಸಿನಿಂದ ಡಿಗ್ರಿಯವರೆಗಿನ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ತಪ್ಪದೆ ತನ್ನಿ. ಜೆರಾಕ್ಸ್ ಮನೆಯಲ್ಲಿಟ್ಟುಕೊಂಡು ಒರಿಜಿನಲ್ ಆಫೀಸಿಗೆ ಕೊಡಬೇಕು, ಅವರು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ವರ್ಷದ ಮಧ್ಯೆ ಬೇರೆ ಕಡೆ ಕೆಲಸ ಸಿಕ್ಕಿತು ಎಂದು ಕೇಳಿದರೆ ಕೊಡುವುದಿಲ್ಲ. ನನ್ನವು ಅಲ್ಲೇ ಇವೆ.

ಇತಿ ತಮ್ಮ ವಿಶ್ವಾಸಿ,
ಹೊಸಕೋಟೆಯ ಇಂಗ್ಲಿಷ್ ಮೇಷ್ಟ್ರು